ಯಂತ್ರಕ್ಕೆ ಬೇಲಿ ಬೇಕು, ನಮಗೆ ಉಪದೇಶವಲ್ಲ

ಕಾರ್ಖಾನೆಯಲ್ಲಿ ಬೆರಳು ಕಳಕೊಂಡ ಹುಡುಗನ ಬಗ್ಗೆ ಮೊದಲು ಕೇಳಿಬರುವ ಮಾತು ಒಂದೇ: ‘ಅವನೇ ಅಜಾಗರೂಕ.’ ಪೆಟ್ಟು ತಿಂದವನ ಮೇಲೇ ತಪ್ಪು ಹೊರಿಸುವ ಈ ನ್ಯಾಯ ನಮಗೆ ಹೊಸದಲ್ಲ. ಐಟಿಐ ಮುಗಿಸಿ ನಾಳೆ ಪೀಣ್ಯದ ಶೆಡ್ಡುಗಳಿಗೆ ಹೋಗುವ ಹಾಸ್ಟೆಲ್ ಗೆಳೆಯರು ಕೇಳಬೇಕಾದ್ದು ಬೇರೆ: ಕೈ ಅಲ್ಲಿಗೆ ಹೋಗಲು ದಾರಿ ಬಿಟ್ಟವರು ಯಾರು?

ಪವರ್ ಪ್ರೆಸ್ಸನ್ನೇ ತಗೊಳ್ಳಿ. ಮೇಲಿನ ಅಚ್ಚು ಬಿದ್ದು ತಗಡು ಕತ್ತರಿಸುತ್ತದೆ. ತಗಡಿಗೂ ಬೆರಳಿಗೂ ಅದಕ್ಕೆ ಭೇದವಿಲ್ಲ. ಕಾಲಿನ ಪೆಡಲಿನಿಂದ ನಡೆಸಿದರೆ ಎರಡೂ ಕೈ ಅಚ್ಚಿನ ಕೆಳಗಿರಬಹುದು. ದಿನವಿಡೀ ಅದೇ ಕೆಲಸ ಮಾಡುವವನು ಒಂದು ಸಲವಾದರೂ ಮೈಮರೆಯುತ್ತಾನೆ. ಮೈಮರೆತರೂ ಕೈ ಉಳಿಯುವ ಹಾಗೆ ಯಂತ್ರ ಇರಬೇಕು. ಇದೇ ಮೊದಲ ತತ್ವ.

ಕೈ ಒಳಗಿಡುವ ಅಗತ್ಯವನ್ನೇ ತಪ್ಪಿಸಬೇಕು. ಅದಾಗದಿದ್ದರೆ ಬೆರಳು ತೂರದ ಗಟ್ಟಿ ಗಾರ್ಡು ಬೇಕು. ಗಾರ್ಡು ತೆಗೆದರೆ ಯಂತ್ರ ನಿಲ್ಲಬೇಕು. ಇಲ್ಲವೇ ಎರಡು ಕೈಯಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಅಚ್ಚು ಇಳಿಯಬೇಕು. ಒಂದು ಗುಂಡಿಯನ್ನು ಕಟ್ಟಿಹಾಕಿ ‘ಬೇಗ ಬೇಗ ಮಾಡು’ ಅನ್ನುವವನು ನಿಮ್ಮ ಕೈಯನ್ನೇ ಹರಾಜಿಗಿಟ್ಟಿದ್ದಾನೆ. ಗೋಡೆಯ ಎಚ್ಚರಿಕೆ ಬೋರ್ಡು, ಕೈಗವಸು ಎಲ್ಲಾ ಕೊನೆಯ ಮಾತು. ತಿರುಗುವ ಶಾಫ್ಟಿನ ಹತ್ತಿರ ಕೈಗವಸೇ ಕೈಯನ್ನು ಒಳಗೆಳೆಯುತ್ತದೆ.

ರಿಪೇರಿ ವೇಳೆ ಸ್ವಿಚ್ ಆರಿಸಿದರೆ ಸಾಲದು. ಮೋಟಾರು ನಿಂತರೂ ಫ್ಲೈವೀಲ್ ತಿರುಗುತ್ತಿರುತ್ತದೆ, ಎತ್ತಿದ ಅಚ್ಚು ಜಾರಬಹುದು. ಮೇನ್ ಸ್ವಿಚ್ಚಿಗೆ ಬೀಗ ಹಾಕಬೇಕು; ಬೀಗದ ಕೈ ರಿಪೇರಿ ಮಾಡುವವನ ಜೇಬಿನಲ್ಲೇ ಇರಬೇಕು. ಚಕ್ರ ನಿಂತು, ಗುಂಡಿ ಒತ್ತಿದರೂ ಚಾಲೂ ಆಗೋದಿಲ್ಲ ಅಂತ ಖಾತ್ರಿಯಾಗಿ, ಅಚ್ಚಿಗೆ ಆಸರೆ ಕೊಟ್ಟ ಮೇಲೆಯೇ ಕೈ ಹಾಕಬೇಕು.

ಇದು ಯಾರೋ ಕರುಣೆಯಿಂದ ಕೊಡುವ ಭಿಕ್ಷೆಯಲ್ಲ. ಚಲಿಸುವ ಅಪಾಯದ ಭಾಗಗಳಿಗೆ ಭದ್ರ ಬೇಲಿ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮು ಹೇಳಿತ್ತು. ಆ ಕಾಯ್ದೆಯ ಜಾಗಕ್ಕೆ 2020ರ ಸಂಹಿತೆ ಬಂದರೂ ಮಾಲೀಕನ ಹೊಣೆ ಕಳಚಿಲ್ಲ. ಬಾಬಾಸಾಹೇಬರು ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ 1946ರ ತಿದ್ದುಪಡಿ ವಾರದ ದುಡಿಮೆಯನ್ನು 54ರಿಂದ 48 ಗಂಟೆಗೆ ಇಳಿಸಿತು. ಅದೂ ಕೈ ಉಳಿಸುವ ಕಾನೂನೇ. ದಣಿದ ಕೈ ಬೇಗ ತಪ್ಪುತ್ತದೆ.

ಗೆಳೆಯರೆ, ಕೆಲಸಕ್ಕೆ ಸೇರಿದ ದಿನ ಸಂಬಳ ಕೇಳುವ ಹಾಗೆಯೇ ಗಾರ್ಡು ಎಲ್ಲಿ ಅಂತ ಕೇಳಿ. ಒಬ್ಬರೇ ಕೇಳಿದರೆ ಹೊರಗೆ ಹಾಕ್ತಾರೆ. ಆದ್ದರಿಂದ ಸಂಘ ಕಟ್ಟಿ, ಒಟ್ಟಾಗಿ ಕೇಳಿ. ಹೋದ ಬೆರಳನ್ನು ಯಾವ ಪರಿಹಾರವೂ ತಂದುಕೊಡೋದಿಲ್ಲ.