ಮಕ್ಕಳೊಡನೆ ಹಿಮಗಿರಿಗೆ

ಚಿಕ್ಕ ಮಕ್ಕಳೊಡನೆ ಹಿಮದ ಮೇಲಣ ಸ್ಕೀ ಜಾರಾಟಕ್ಕೆ ಹೊರಡುವ ತಾಯಿತಂದೆಗಳು ಅತ್ಯುನ್ನತವಾದ ಶಿಖರವನ್ನೇ ಅರಸುವುದು ಉಚಿತವಲ್ಲವೆಂದು ನಾವು ಭಾವಿಸುತ್ತೇವೆ. ಕಾಶ್ಮೀರದ ಗುಲ್ಮಾರ್ಗವನ್ನೇ ನೋಡಿರಿ. ಸುಮಾರು 2,650 ಮೀಟರ್ ಎತ್ತರದಲ್ಲಿರುವ ಅಲ್ಲಿನ ಬಯಲಿನ ಇಳಿಜಾರುಗಳು ಸೌಮ್ಯವಾಗಿದ್ದು ಹೊಸಬರ ಕಲಿಕೆಗೆ ಅನುಕೂಲವಾಗಿವೆ, ಬಿದ್ದ ಮಗುವನ್ನು ತಾಯಿಯೇ ಹೋಗಿ ಎತ್ತಬಹುದು, ವಸತಿಗೃಹಗಳೂ ಸಮೀಪದಲ್ಲಿವೆ. 2005ರಲ್ಲಿ ತೆರೆದ ತೂಗುಬಂಡಿಯ ಎರಡನೆಯ ಹಂತವಾದರೋ ಅಫರ್ವಾಟ್ ಗಿರಿಯಲ್ಲಿ ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿ ಗಾಳಿ ವಿರಳ, ಇಳಿಜಾರು ಕಡಿದು, ಹಿಮಕುಸಿತದ ಭಯವೂ ಉಂಟು. ಎತ್ತರದಿಂದಾಗುವ ತಲೆನೋವನ್ನು ಹೇಳಲರಿಯದ ಕೂಸು ಸುಮ್ಮನೆ ಅಳುವುದು. ಹಿರಿಯರು ಅದನ್ನು ಹಟವೆಂದೆಣಿಸಿ ಗದರಿಸುವರು. ಇದು ನ್ಯಾಯವೇ? ಆದಕಾರಣ ತಂದೆಯ ಸಾಹಸವನ್ನಲ್ಲ, ಕುಟುಂಬದ ಅತಿ ಕಿರಿಯ ಮಗುವಿನ ಶಕ್ತಿಯನ್ನು ಅಳೆದು ಸ್ಥಳವನ್ನಾರಿಸಿರಿ. ಶಿಖರವು ಕಾದಿರುವುದು, ಬಾಲ್ಯವು ಕಾಯದು.