ಬ್ಯಾಟರಿಯ ಆರೋಗ್ಯ ಕೇಳಿ
ದುಬೈಯ ಅಲ್ ಅವೀರ್ ಹಳೆ ಕಾರುಗಳ ಮಾರುಕಟ್ಟೆಯಲ್ಲಿ ವರ್ಷ, ಎರಡು ವರ್ಷ ಓಡಿದ ಎಲೆಕ್ಟ್ರಿಕ್ ಕಾರು ಕಂಡು, ಕಿಲೋಮೀಟರ್ ಕಡಿಮೆ ಎಂದೊಡನೆ ಮುಂಗಡ ಕೊಡಬೇಡಿ. ಇಲ್ಲಿ ಬೇಸಿಗೆಯ ಮಧ್ಯಾಹ್ನ ಬಿಸಿ 45 ಡಿಗ್ರಿ ದಾಟುವುದುಂಟು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಅಂಥ ಬಿಸಿಯಲ್ಲಿ ದಿನಗಟ್ಟಲೆ ನಿಂತರೆ, ಕಾರು ಓಡದಿದ್ದರೂ ಅದರ ಕಸುವು ಕುಗ್ಗುತ್ತದೆ. ಎಷ್ಟು ಸಾಮರ್ಥ್ಯ ಉಳಿದಿದೆ ಎಂಬ ವರದಿಯನ್ನು ಬರಹದಲ್ಲೇ ಪಡೆಯಿರಿ. ಅನೇಕ ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತವೆ, ನಿಜ. ಆದರೆ ಅಮೆರಿಕದಿಂದಲೋ ಚೀನಾದಿಂದಲೋ ಬೇರೆಯವರು ತರಿಸಿದ ಕಾರಿಗೆ ಇಲ್ಲಿನ ಅಧಿಕೃತ ಡೀಲರ್ ಅದನ್ನು ಒಪ್ಪದಿರಬಹುದು. ಬೆಲೆ ಸ್ವಲ್ಪ ಹೆಚ್ಚಾದರೂ ಕೊಲ್ಲಿ ದೇಶಗಳಿಗೆಂದೇ ತಯಾರಾದ ಜಿಸಿಸಿ ಮಾದರಿಯೇ ವಾಸಿ. ಇನ್ನೊಂದು ಮಾತು: ಅಬುಧಾಬಿಗೆ ದಿನವೂ ಹೋಗಿಬರುವ ನಮ್ಮ ಉಡುಪಿ, ಮಂಗಳೂರಿನ ಹುಡುಗರೇ, ಬಾಡಿಗೆ ಕಟ್ಟಡದ ಪಾರ್ಕಿಂಗಿನಲ್ಲಿ ಚಾರ್ಜರ್ ಹಾಕಲು ಮಾಲೀಕರ ಒಪ್ಪಿಗೆ ಇದೆಯೇ? ಅದನ್ನು ತಿಳಿಯದೆ ಕಾರಿನ ಖರೀದಿಗೆ ಸಹಿ ಹಾಕಬೇಡಿ.