ಹಾರ ಸಾಕು, ಏಣಿ ಕೊಡಿ

ಪ್ರತಿ ವರ್ಷ ಸೆಪ್ಟೆಂಬರ್ 15ಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರತಿಮೆಗೆ ಹಾರ ಬೀಳುತ್ತದೆ. ಶಾಲು, ಹಣ್ಣಿನ ಬುಟ್ಟಿ, ಭಾಷಣ, ಊಟ. ಮರುದಿನ ಎಲ್ಲರೂ ಮರೆತುಬಿಡುತ್ತಾರೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಕನ್ನಡ ನಾಡಿನ ಮಗನ ಜನ್ಮದಿನವನ್ನು 1968ರಿಂದ ಇಡೀ ದೇಶ ಎಂಜಿನಿಯರುಗಳ ದಿನವೆಂದು ಆಚರಿಸುತ್ತಿದೆ. ಹೆಮ್ಮೆಯ ಮಾತೇ. ಆದರೆ ಹೆಮ್ಮೆಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಎಂಜಿನಿಯರುಗಳ ಹೆಸರು ಹೇಳಿಕೊಂಡಿರುವ ಸಂಸ್ಥೆ ದುಡಿದು ತಿನ್ನುವ ಎಂಜಿನಿಯರಿಗೆ ಏನು ಕೊಡುತ್ತಿದೆ? ಈ ಲೆಕ್ಕವನ್ನು ನಾವು ಕೇಳಬೇಕಾಗಿದೆ.

ಆ ಸಂಸ್ಥೆ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್. 1920ರಲ್ಲಿ ಶುರುವಾಯಿತು. 1935ರಲ್ಲಿ ಬ್ರಿಟಿಷ್ ದೊರೆಯಿಂದ ರಾಯಲ್ ಚಾರ್ಟರ್ ಎಂಬ ಸನ್ನದು ಪಡೆಯಿತು. ಕೇಂದ್ರ ಕಚೇರಿ ಕೋಲ್ಕತ್ತದಲ್ಲಿ. ದೇಶದಾದ್ಯಂತ ನೂರಕ್ಕೂ ಹೆಚ್ಚು ಕೇಂದ್ರಗಳಿವೆ, 15 ವಿಭಾಗಗಳಿವೆ. ಬೆಂಗಳೂರಿನ ಅಂಬೇಡ್ಕರ್ ವೀಧಿಯಲ್ಲಿ ಅದರ ರಾಜ್ಯ ಕೇಂದ್ರವಿದೆ. ಆ ದಾರಿಯಲ್ಲಿ ದಿನವೂ ಬಸ್ಸಿನಲ್ಲಿ ಹೋಗುವ ಎಷ್ಟು ಹುಡುಗರಿಗೆ ಆ ಕಟ್ಟಡ ತಮ್ಮದೂ ಹೌದು ಎಂದು ಗೊತ್ತು?

ಸಂಸ್ಥೆ ಏನೂ ಮಾಡುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ವಿಚಾರ ಸಂಕಿರಣ ನಡೆಸುತ್ತದೆ. ಕಾಲೇಜುಗಳಲ್ಲಿ ವಿದ್ಯಾರ್ಥಿ ಘಟಕ ಕಟ್ಟಿದೆ. ವಿದ್ಯಾರ್ಥಿಗಳ ಸಂಶೋಧನೆಗೆ ಧನಸಹಾಯ ಕೊಡುತ್ತದೆ. ಅನುಭವವಿರುವ ಸದಸ್ಯರಿಗೆ ಚಾರ್ಟರ್ಡ್ ಎಂಜಿನಿಯರ್ ಎಂಬ ಪಟ್ಟ ಕೊಡುತ್ತದೆ. ಆ ಪಟ್ಟಕ್ಕೆ ಬೆಲೆಯೂ ಇದೆ. ನಮ್ಮ ಮುದ್ರಣದ ಕಸುಬನ್ನೇ ನೋಡಿ. ಹೊರದೇಶದಿಂದ ಸೆಕೆಂಡ್ ಹ್ಯಾಂಡ್ ಆಫ್‌ಸೆಟ್ ಯಂತ್ರ ತರಿಸಿದರೆ, ಅದರ ವಯಸ್ಸೆಷ್ಟು, ಬೆಲೆಯೆಷ್ಟು, ಇನ್ನೆಷ್ಟು ವರ್ಷ ಓಡೀತು ಎಂದು ಚಾರ್ಟರ್ಡ್ ಎಂಜಿನಿಯರ್ ಬರೆದುಕೊಡಬೇಕು. ಆ ಕಾಗದ ಇಲ್ಲದಿದ್ದರೆ ಕಸ್ಟಮ್ಸ್‌ನವರು ಯಂತ್ರ ಬಿಡಲು ತಕರಾರು ತೆಗೆಯುತ್ತಾರೆ. ಒಂದು ಸಹಿಗೆ ಅಷ್ಟು ತೂಕ!

ಆದರೆ ಈ ಸಂಸ್ಥೆ ಮಾಡಿದ ದೊಡ್ಡ ಪುಣ್ಯದ ಕೆಲಸ ಇವು ಯಾವುವೂ ಅಲ್ಲ. ಅದು ಎ.ಎಂ.ಐ.ಇ. ಪರೀಕ್ಷೆ.

ಮನೆಯ ಕಷ್ಟಕ್ಕೆ ಡಿಪ್ಲೊಮಾ ಮುಗಿಸಿ ಕಾರ್ಖಾನೆ ಸೇರಿದ ಹುಡುಗ. ಬೆಳಿಗ್ಗೆ ಶಿಫ್ಟು, ರಾತ್ರಿ ಓದು. ಕಾಲೇಜಿನ ಫೀಸಿಲ್ಲ, ಡೊನೇಷನ್ನಿಲ್ಲ, ಹಾಜರಿ ಪುಸ್ತಕವಿಲ್ಲ. ವರ್ಷಕ್ಕೆ ಎರಡು ಸಲ ಪರೀಕ್ಷೆ. ಸೆಕ್ಷನ್ ಎ, ಆಮೇಲೆ ಸೆಕ್ಷನ್ ಬಿ. ಎರಡನ್ನೂ ಪಾಸು ಮಾಡಿದರೆ ಸರ್ಕಾರಿ ನೌಕರಿಗೂ ಬಡ್ತಿಗೂ ಅದು ಬಿ.ಇ. ಪದವಿಗೆ ಸಮ. ಸುಲಭದ ಪರೀಕ್ಷೆಯಲ್ಲ. ವರ್ಷಗಟ್ಟಲೆ ಬರೆದು ಕೈಬಿಟ್ಟವರೂ ಇದ್ದಾರೆ. ಆದರೂ ಗಾರೆ ಕೆಲಸದವನ ಮಗನಿಗೆ, ರೈತನ ಮಗಳಿಗೆ ಒಂದು ಏಣಿ ಇತ್ತು. ತಾಕತ್ತಿದ್ದವರು ಹತ್ತಬಹುದಿತ್ತು.

ಆ ಏಣಿಯನ್ನು ತೆಗೆದುಬಿಟ್ಟರು. 2012ರ ಡಿಸೆಂಬರಿನಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯ ಆದೇಶ ಹೊರಡಿಸಿತು. 2013ರ ಮೇ 31ರ ಒಳಗೆ ಹೆಸರು ನೋಂದಾಯಿಸಿದವರಿಗೆ ಮಾತ್ರ ಹಳೆಯ ಮಾನ್ಯತೆ. ಜೂನ್ ಒಂದಕ್ಕೆ ಬಂದವನು ಏನು ಪಾಪ ಮಾಡಿದ್ದ? ಪದವಿಯ ಹೆಸರಿನಲ್ಲಿ ಅಂಗಡಿ ತೆರೆದವರ ಕಾಟ ದೇಶದಲ್ಲಿ ಇತ್ತು ನಿಜ, ಅವರನ್ನು ಹಿಡಿಯಬೇಕಿತ್ತು. ದಶಕಗಳಿಂದ ಕಟ್ಟುನಿಟ್ಟಾಗಿ ಪರೀಕ್ಷೆ ನಡೆಸಿದ ಸಂಸ್ಥೆಗೂ ಅದೇ ತಕ್ಕಡಿಯೇ?

ಡಿಪ್ಲೊಮಾದವರು ನೇರವಾಗಿ ಎರಡನೆಯ ವರ್ಷದ ಬಿ.ಇ.ಗೆ ಸೇರಬಹುದಲ್ಲ ಎನ್ನುತ್ತಾರೆ ದೊಡ್ಡವರು. 2023ರಿಂದ ನೌಕರಿಯಲ್ಲಿರುವವರಿಗೂ ಕಾಲೇಜುಗಳಲ್ಲಿ ಅವಕಾಶ ಕೊಟ್ಟಿದ್ದೇವೆ ಎನ್ನುತ್ತದೆ ಎ.ಐ.ಸಿ.ಟಿ.ಇ. ಒಳ್ಳೆಯದೇ. ಆದರೆ ಕಾಲೇಜೆಂದರೆ ಫೀಸು, ಕಾಲೇಜೆಂದರೆ ಹಾಜರಿ. ಶಿಫ್ಟು ಬದಲಾಗುತ್ತಲೇ ಇರುವ ಹುಡುಗ ಹಾಜರಿ ಎಲ್ಲಿಂದ ತರಬೇಕು? ಮನೆ ಬಾಡಿಗೆ ಕಟ್ಟಿ, ತಂಗಿಯ ಫೀಸು ಕಟ್ಟಿ, ತನ್ನ ಫೀಸನ್ನು ಯಾರ ಹತ್ತಿರ ಕೇಳಬೇಕು?

ಇಂಥ ಹೊತ್ತಿನಲ್ಲಿ ಸದಸ್ಯನ ಪರ ನಿಲ್ಲದ ಸಂಸ್ಥೆ ಇದ್ದೇನು, ಬಿಟ್ಟೇನು? ವಕೀಲರಿಗೆ 1961ರ ಕಾಯ್ದೆಯ ಬಲವಿದೆ. ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯ ಬಲವಿದೆ. ಇಡೀ ದೇಶದ ಎಂಜಿನಿಯರುಗಳಿಗೆ ಅಂಥದೊಂದು ಕೇಂದ್ರ ಕಾಯ್ದೆಯ ಆಸರೆಯಿಲ್ಲ. ಗುತ್ತಿಗೆದಾರ ಕೊಟ್ಟಷ್ಟೇ ಸಂಬಳ, ಹೇಳಿದಷ್ಟು ಗಂಟೆ ದುಡಿಮೆ. ಸೈಟಿನಲ್ಲಿ ಕಂಬ ಬಿದ್ದರೆ ಮೊದಲು ಸಿಕ್ಕಿಬೀಳುವವನು ಸೈಟ್ ಎಂಜಿನಿಯರ್. ಅವನಿಗೊಬ್ಬ ವಕೀಲ, ಒಂದು ಸಲಹೆ, ಒಂದು ಮಾತಿನ ಬೆಂಬಲ ಬೇಡವೇ? ಕಷ್ಟದಲ್ಲಿರುವ ಸದಸ್ಯನ ಜೊತೆ ನಿಲ್ಲುವುದೇ ಇಂಥ ಸಂಸ್ಥೆಯ ಮೊದಲ ಚಟುವಟಿಕೆ ಆಗಬೇಕು. ಸಂಕಿರಣ ಆಮೇಲೆ.

ಇನ್ನು ಭಾಷೆಯ ಮಾತು. ಸಂಸ್ಥೆಯ ಹೆಸರಿನ ಐದು ಸರಣಿಯ ಸಂಶೋಧನಾ ಪತ್ರಿಕೆಗಳನ್ನು ಸ್ಪ್ರಿಂಗರ್ ಎಂಬ ವಿದೇಶಿ ಪ್ರಕಾಶಕರು ಇಂಗ್ಲಿಷಿನಲ್ಲಿ ತರುತ್ತಾರೆ. ಹಿಂದಿಯವರಿಗೆಂದು ಸಂಸ್ಥೆ 'ಅಭಿಯಂತಾ ಬಂಧು' ಪತ್ರಿಕೆ ತಂದಿದೆ. ಬಂಧುತ್ವ ಹಿಂದಿಗೆ ಮಾತ್ರವೇ? ಸೆಪ್ಟೆಂಬರ್ ಬಂದರೆ ನಮ್ಮ ಪ್ರೆಸ್ಸಿಗೆ ಎಂಜಿನಿಯರುಗಳ ದಿನದ ಆಹ್ವಾನ ಪತ್ರಿಕೆಗಳು ಬರುತ್ತವೆ. ಯಾರವೆಂದು ಹೇಳುವುದಿಲ್ಲ. ಒಳಗೆಲ್ಲ ಇಂಗ್ಲಿಷ್. ಕನ್ನಡದ ಅಚ್ಚು ಬೇಕಾಗುವುದು ಮೇಲೆ 'ಸ್ವಾಗತ' ಎಂದು ಬರೆಯುವುದಕ್ಕೆ ಮಾತ್ರ!

ಎಂಜಿನಿಯರಿಂಗ್‌ಗೆ ಕನ್ನಡ ಒಗ್ಗುವುದಿಲ್ಲ ಎನ್ನುವವರ ಬಾಯಿ ಈಗಾಗಲೇ ಮುಚ್ಚಿದೆ. 2021ರಲ್ಲಿ ಎಂಟು ರಾಜ್ಯಗಳ 14 ಕಾಲೇಜುಗಳು ಹಿಂದಿ, ಮರಾಠಿ, ತಮಿಳು, ತೆಲುಗು, ಬಂಗಾಳಿಯಲ್ಲಿ ಎಂಜಿನಿಯರಿಂಗ್ ಪಾಠಕ್ಕೆ ಇಳಿದವು. ಆ ಐದರಲ್ಲಿ ಕನ್ನಡವಿರಲಿಲ್ಲ. ಆಮೇಲೆ ಎ.ಐ.ಸಿ.ಟಿ.ಇ. ತರಿಸಿದ ಪಠ್ಯಪುಸ್ತಕಗಳಲ್ಲಿ ಕನ್ನಡವೂ ಸೇರಿತು. ಪುಸ್ತಕ ಬಂದರೆ ಸಾಲದು. ಅದನ್ನು ಓದಿ ಚರ್ಚಿಸುವ ಜಾಗ ಬೇಕು. ಆ ಜಾಗ ಅಂಬೇಡ್ಕರ್ ವೀಧಿಯಲ್ಲೇ ಇದೆ.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದದ್ದು 1912ರಿಂದ 1918ರವರೆಗೆ. ಅದೇ ಅವಧಿಯಲ್ಲಿ, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. ಎರಡು ವರ್ಷದ ನಂತರ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಹುಟ್ಟಿತು. ಆ ಮನುಷ್ಯನಿಗೆ ಕನ್ನಡವೂ ಎಂಜಿನಿಯರಿಂಗೂ ಒಂದೇ ನಾಡಿನ ಕೆಲಸವಾಗಿದ್ದವು. ಅವರಿಗೆ ಹಾರ ಹಾಕುವವರಿಗೆ ಯಾಕೆ ಎರಡು ಬೇರೆಯಾದವು?

ನಾವು ಕೇಳುವುದು ಇಷ್ಟೇ. ಎ.ಎಂ.ಐ.ಇ.ಗೆ ಮಾನ್ಯತೆ ಮರಳಿ ಬರುವವರೆಗೆ ಸಂಸ್ಥೆ ದೆಹಲಿಯ ಬಾಗಿಲು ತಟ್ಟಲಿ. ರಾಜ್ಯ ಕೇಂದ್ರದಲ್ಲಿ ತಿಂಗಳಿಗೊಂದಾದರೂ ಕನ್ನಡ ಉಪನ್ಯಾಸ ನಡೆಯಲಿ. ಸೈಟಿನ ಸುರಕ್ಷತೆಯ ಬಗ್ಗೆ ಮೇಸ್ತ್ರಿಗೂ ಅರ್ಥವಾಗುವ ಕನ್ನಡ ಕೈಪಿಡಿ ಬರಲಿ. ಕೆಲಸ ಕಳೆದುಕೊಂಡ ಕಿರಿಯ ಸದಸ್ಯನಿಗೆ ಸಲಹೆ ಕೊಡಲು ಒಂದು ಮೇಜು, ಒಬ್ಬ ಹಿರಿಯ ಇರಲಿ.

ಎಂಜಿನಿಯರಿಂಗ್ ಓದಿದ ಕನ್ನಡದ ಹುಡುಗರೇ, ಹುಡುಗಿಯರೇ, ಹೊರಗೆ ನಿಂತು ಬೈದರೆ ಏನೂ ಆಗುವುದಿಲ್ಲ. ಅಲ್ಲಿನ ಸಮಿತಿಗಳು ಸದಸ್ಯರ ಮತದಿಂದ ಆಗುವಂಥವು. ಅರ್ಹತೆಯಿದ್ದವರು ಸದಸ್ಯರಾಗಿ. ಮತ ಹಾಕಿ. ಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲೇ ಪ್ರಶ್ನೆ ಕೇಳಿ. ಉತ್ತರ ಬರುವವರೆಗೆ ಕೂರಬೇಡಿ.